ಸಹವಾಸ ಸಲ್ಲದ ನೀರಜೀವಿ

ದೀಪ ಆರಿಸಿ ಐದು ನಿಮಿಷ ಕಾದರೆ, ತೊಟ್ಟಿಯ ಮೂಲೆಯಲ್ಲಿ ಮಗುಚಿಟ್ಟ ಮಣ್ಣಿನ ಕುಡಿಕೆಯಿಂದ ಅದು ಮೆಲ್ಲಗೆ ಹೊರಬರುತ್ತದೆ. ಮೊದಲು ಅಗಲವಾದ ಚಪ್ಪಟೆ ತಲೆ, ತಲೆಯ ಎರಡೂ ಬದಿಗೆ ಮೂರು ಮೂರು ಕೆಂಪು ಗರಿಗಳು, ಆಮೇಲೆ ನಾಲ್ಕು ಬೆರಳಿನ ಪುಟ್ಟ ಕೈ. ಈಜುವ ಗೋಜಿಗೆ ಹೋಗದೆ ನೀರಿನ ತಳದಲ್ಲಿ ಒಂದೊಂದೇ ಹೆಜ್ಜೆ ಇಡುತ್ತದೆ. ಇಕ್ಕಳದಲ್ಲಿ ಹಿಡಿದ ಎರೆಹುಳುವನ್ನು ಅದರ ಮೂತಿಯ ಮುಂದೆ ಅಲ್ಲಾಡಿಸುತ್ತೇನೆ. ಒಂದೆರಡು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಬಾಯಿ ಫಕ್ಕನೆ ತೆರೆದು ಮುಚ್ಚುತ್ತದೆ, ಹುಳು ಮಾಯ. ಬೆನ್ನಟ್ಟಲಿಲ್ಲ, ಅಗಿಯಲಿಲ್ಲ. ಬಾಯೊಳಗೆ ನುಗ್ಗಿದ ನೀರೇ ಹುಳುವನ್ನು ಸೆಳೆದುಕೊಂಡು ಹೋಯಿತು.

ಇದು ಆಕ್ಸೊಲಾಟ್ಲ್. ಮನೆಗೆ ಬಂದವರೆಲ್ಲ ಇದನ್ನು ನೋಡಿ ಮೊದಲು ಬೆರಗಾಗುತ್ತಾರೆ, ಆಮೇಲೆ ಮರುಗುತ್ತಾರೆ: ‘ಪಾಪ, ಒಂದೇ ಇದೆಯಲ್ಲ! ಜೊತೆಗೆ ನಾಲ್ಕು ಬಣ್ಣದ ಮೀನು ಬಿಡಬಾರದೇ?’ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಇದರ ತವರಿನಿಂದಲೇ ಮಾತು ಶುರುಮಾಡಬೇಕು.

ಬೆಳೆದರೂ ಬಾಲ್ಯ ಬಿಡದು

ಮೆಕ್ಸಿಕೊ ನಗರದ ದಕ್ಷಿಣ ಅಂಚಿನ ಸೊಚಿಮಿಲ್ಕೊದ ಕಾಲುವೆಗಳು ಇದರ ತವರು. ಕೆರೆಯಲ್ಲಿ ಕೆಸರು, ಗಿಡಗಂಟಿ ಪೇರಿಸಿ ಕಟ್ಟಿದ ‘ಚಿನಾಂಪ’ ಎಂಬ ತೋಟಗಳ ನಡುವೆ ಹರಿಯುವ ತಣ್ಣನೆಯ ನೀರು ಅದು. ಅಜ್ಟೆಕರ ನಾವಾತ್ಲ್ ಭಾಷೆಯಲ್ಲಿ ‘ಆತ್ಲ್’ ಎಂದರೆ ನೀರು, ‘ಶೋಲೋಟ್ಲ್’ ನಾಯಿಮುಖದ ಒಬ್ಬ ದೇವತೆ. ಇವೆರಡು ಸೇರಿದ್ದೇ ಇದರ ಹೆಸರು. ದೇವತೆಗಳೆಲ್ಲ ಬಲಿಯಾಗಬೇಕಾದ ಹೊತ್ತಿನಲ್ಲಿ ಇವನು ಓಡಿಹೋಗಿ ಜೋಳದ ಗಿಡವಾದ, ಕತ್ತಾಳೆಯಾದ, ಕಡೆಗೆ ನೀರಿಗೆ ಧುಮುಕಿ ಆಕ್ಸೊಲಾಟ್ಲ್ ಆದ ಎನ್ನುತ್ತದೆ ಪುರಾಣ.

ಇದು ಮೀನಲ್ಲ, ಕಪ್ಪೆಯ ದೂರದ ಬಂಧು. ಸಲಮಾಂಡರ್ ಎಂಬ ಬಾಲವಿರುವ ಉಭಯಚರಗಳ ಕುಲದ್ದು. ನಮ್ಮ ಸಹ್ಯಾದ್ರಿಯಲ್ಲಿ ಬಗೆಬಗೆಯ ಕಪ್ಪೆಗಳಿದ್ದರೂ ಈ ಕುಲದ ಒಂದು ಜೀವಿಯೂ ಇಲ್ಲ. ಅದನ್ನು ನೋಡಲು ಡಾರ್ಜಿಲಿಂಗ್ ಕಡೆಯ ಬೆಟ್ಟಗಳಿಗೆ ಹೋಗಬೇಕು. ಗೊದಮೊಟ್ಟೆ ಬೆಳೆದು ಕಿವಿರು ಕಳೆದುಕೊಂಡು ದಡ ಹತ್ತುವಂತೆ ಬಹುತೇಕ ಸಲಮಾಂಡರ್ ಮರಿಗಳೂ ನೆಲಕ್ಕೆ ಬರುತ್ತವೆ. ಆಕ್ಸೊಲಾಟ್ಲ್‌ನ ದೇಹದಲ್ಲಿ ಈ ರೂಪಾಂತರಕ್ಕೆ ಬೇಕಾದಷ್ಟು ಥೈರಾಯ್ಡ್ ಹಾರ್ಮೋನಿನ ಏರಿಕೆ ಆಗುವುದೇ ಇಲ್ಲ. ಹಾಗಾಗಿ ಕಿವಿರು, ಬಾಲದ ರೆಕ್ಕೆಗಳನ್ನು ಹಾಗೇ ಉಳಿಸಿಕೊಂಡು, ಮರಿಯ ರೂಪದಲ್ಲೇ ಪ್ರಾಯಕ್ಕೆ ಬಂದು ಸಂತಾನ ಬೆಳೆಸುತ್ತದೆ. ಕೈ, ಕಾಲು, ಬಾಲ ತುಂಡಾದರೆ ಮತ್ತೆ ಬೆಳೆಯುತ್ತದೆ. ಬೆನ್ನುಹುರಿ, ಹೃದಯದ ಭಾಗಗಳನ್ನೂ ಸರಿಪಡಿಸಿಕೊಳ್ಳುತ್ತದೆ. 2018ರಲ್ಲಿ ಓದಿ ಮುಗಿಸಿದ ಇದರ ಜೀನೋಮ್ ಮನುಷ್ಯರದ್ದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು.

1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್‌ಗೆ ಬಂದ 34 ಆಕ್ಸೊಲಾಟ್ಲ್‌ಗಳಲ್ಲಿ ಆರು, ಅಲ್ಲಿನ ವಸ್ತುಸಂಗ್ರಹಾಲಯದ ವಿಜ್ಞಾನಿ ಆಗಸ್ಟ್ ಡ್ಯುಮೆರಿಲ್ ಅವರ ಕೈಸೇರಿದವು. ಐದು ಗಂಡು, ಒಂದು ಹೆಣ್ಣು. ಗಂಡುಗಳಲ್ಲಿ ಒಂದು ಬಿಳಿಯದು. ಇಂದು ಲೋಕದ ಪ್ರಯೋಗಾಲಯಗಳಲ್ಲಿರುವ ಸಂತತಿ ಬಹುಮಟ್ಟಿಗೆ ಆ ಆರರಿಂದಲೇ ಬೆಳೆದದ್ದು. ಮನೆಗಳಲ್ಲಿ ಸಾಕುವ ಗುಲಾಬಿ ಬಣ್ಣದ ಮುದ್ದುಗಳ ವಂಶವೂ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಮೊದಲು ನೀರು, ಆಮೇಲೆ ಜೀವಿ

ಸಾಕುವವರು ಮೊದಲು ಕಲಿಯಬೇಕಾದದ್ದು ನೀರನ್ನು. ಆಕ್ಸೊಲಾಟ್ಲ್‌ಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರು ಹಿತ. 24 ದಾಟಿದರೆ ಒದ್ದಾಡುತ್ತದೆ, ಊಟ ಬಿಡುತ್ತದೆ, ಬೂಷ್ಟು ರೋಗಕ್ಕೆ ಬಲಿಯಾಗುತ್ತದೆ. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನು ಒಂದೆರಡು ಡಿಗ್ರಿ ಇಳಿಸೀತು, ಅಷ್ಟೇ. ಇಲ್ಲಿ ಸಾಕಬೇಕೆಂದರೆ ಚಿಲ್ಲರ್ ಬೇಕೇ ಬೇಕು. ಅದರ ಬೆಲೆಯನ್ನೂ ಕರೆಂಟ್ ಬಿಲ್ಲನ್ನೂ ಲೆಕ್ಕಹಾಕಿದ ಮೇಲೆಯೇ ಮುಂದಿನ ಮಾತು.

ಒಂದಕ್ಕೆ ಕನಿಷ್ಠ 75 ಲೀಟರಿನ ಉದ್ದನೆಯ ತೊಟ್ಟಿ ಬೇಕು, ಇನ್ನೂ ದೊಡ್ಡದಾದರೆ ಒಳ್ಳೆಯದು. ನಲ್ಲಿ ನೀರಿನ ಕ್ಲೋರಿನ್ ತೆಗೆಯಬೇಕು. ಜೀವಿಯನ್ನು ತರುವ ಮುನ್ನ ಹಲವು ವಾರ ಫಿಲ್ಟರ್ ಓಡಿಸಿ, ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನು ಬೆಳೆಸಬೇಕು. ಪರೀಕ್ಷೆ ಮಾಡಿದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಫಿಲ್ಟರಿನ ಸೆಳೆತ ಜೋರಾಗಿದ್ದರೆ ಅದಕ್ಕೆ ಹಿಂಸೆ. ಕಣ್ಣಿಗೆ ರೆಪ್ಪೆಯಿಲ್ಲದ್ದರಿಂದ ಪ್ರಖರ ಬೆಳಕೂ ಬೇಡ. ತಳದಲ್ಲಿ ಸಣ್ಣ ಹರಳುಕಲ್ಲು ಹಾಕಲೇಬಾರದು. ಎರೆಹುಳುವಿನ ಜೊತೆ ಕಲ್ಲೂ ಒಳಗೆ ಹೋಗಿ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಯವಾದ ಮರಳು ಹಾಕಬಹುದು, ಬರಿಯ ಗಾಜಿನ ತಳವಾದರೂ ಸರಿ. ದೊಡ್ಡದಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಊಟ ಕೊಟ್ಟರೆ ಸಾಕು. ಹೀಗೆ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತದೆ.

ಯಾರ ಸಹವಾಸ ಎಂಥ ದೋಷ?

ಈಗ ಜೊತೆಗಾರರ ಮಾತಿಗೆ ಬರೋಣ. ಎರೆಹುಳು ಮಾಯವಾದ ಬಗೆಯನ್ನು ನೆನಪಿಸಿಕೊಳ್ಳಿ. ಎದುರು ಅಲ್ಲಾಡಿದ್ದು ಬಾಯಿಗೆ ಹಿಡಿಸುವಂತಿದ್ದರೆ ಆಕ್ಸೊಲಾಟ್ಲ್ ಅದನ್ನು ಒಳಗೆಳೆದುಕೊಳ್ಳುತ್ತದೆ. ಅದರ ಕೆಂಪು ಕಿವಿರುಗಳಾದರೋ ನೀರಿನಲ್ಲಿ ಹುಳುಗಳ ಗೊಂಚಲಿನಂತೆ ಅಲ್ಲಾಡುತ್ತಿರುತ್ತವೆ. ಒಂದೇ ತೊಟ್ಟಿಯಲ್ಲಿಟ್ಟರೆ ಸಣ್ಣ ಮೀನಿಗೆ ಅದರ ಬಾಯಿಯ ಭಯ, ಅದಕ್ಕೆ ಮೀನಿನ ಬಾಯಿಯ ಭಯ.

ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಆದ್ದರಿಂದ ಹೊಂದಿಕೊಂಡೀತು ಎಂದು ಹಲವರು ನಂಬುತ್ತಾರೆ. ಅದು ಕಿವಿರನ್ನು ಕುಕ್ಕುತ್ತದೆ, ನೀರನ್ನು ಬೇಗ ಕೊಳಕು ಮಾಡುತ್ತದೆ. ತಳದ ಕಸ ತಿನ್ನಲೆಂದು ಬಿಡುವ ಪ್ಲೆಕೊ ಮೀನು ರಾತ್ರಿ ಆಕ್ಸೊಲಾಟ್ಲ್‌ನ ಮೈಗೆ ಅಂಟಿ ಲೋಳೆಯನ್ನು ಕೆರೆದು ತಿನ್ನುತ್ತದೆ, ಚರ್ಮ ಹುಣ್ಣಾಗುತ್ತದೆ. ಕೋರಿಡೋರಸ್ ಪಾಪದ ಮೀನು, ಆದರೆ ಅದರ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿದೆ. ನುಂಗಲು ಹೋದರೆ ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸಾಯಬಹುದು. ಗಪ್ಪಿ, ಟೆಟ್ರಾ, ಸಿಕ್ಲಿಡ್‌ಗಳಿಗೆ ಬೆಚ್ಚನೆಯ ನೀರು ಬೇಕು. ಒಬ್ಬರಿಗೆ ಹಿತವಾದ ಬಿಸಿ ಇನ್ನೊಬ್ಬರಿಗೆ ಜ್ವರ. ಆಮೆ ಕಚ್ಚುತ್ತದೆ, ಕ್ರೇಫಿಶ್ ಇಕ್ಕಳ ಹಾಕುತ್ತದೆ. ಬಸವನಹುಳುವಿನ ಚಿಪ್ಪು ಹೊಟ್ಟೆಯಲ್ಲಿ ಅಡ್ಡ ಕೂರುತ್ತದೆ. ಕೆಲವು ಜಾತಿಯ ನ್ಯೂಟ್‌ಗಳ ಚರ್ಮದಲ್ಲೇ ವಿಷವಿದೆ.

‘ಕಡಿದರೇನಂತೆ, ಮತ್ತೆ ಬೆಳೆಯುತ್ತದಲ್ಲ’ ಎನ್ನುವವರಿದ್ದಾರೆ. ಬೆಳೆಯುವುದು ನಿಜ. ಅಲ್ಲಿಯವರೆಗೆ ಗಾಯ ಗಾಯವೇ, ಅದಕ್ಕೆ ಬೂಷ್ಟು ಹತ್ತುವುದೂ ನಿಜ. ದಿನವೂ ಕುಕ್ಕಿಸಿಕೊಳ್ಳುವ ಕಿವಿರು ಚಿಗುರುವುದಾದರೂ ಯಾವಾಗ?

ಹಾಗಾದರೆ ಯಾರೂ ಬೇಡವೇ? ಇರುವುದರಲ್ಲಿ ವಾಸಿ ಎನ್ನಬಹುದಾದದ್ದು ಚೀನಾ ಮೂಲದ ವೈಟ್ ಕ್ಲೌಡ್ ಮೌಂಟನ್ ಮಿನ್ನೊ. ನಾಲ್ಕು ಸೆಂಟಿಮೀಟರಿನ ಚುರುಕು ಮೀನು, ತಣ್ಣೀರನ್ನು ತಾಳುತ್ತದೆ, ಮುಳ್ಳಿಲ್ಲ. ಸಣ್ಣ ಚೆರ್ರಿ ಸಿಗಡಿಗಳನ್ನೂ ಬಿಡಬಹುದು. ಒಂದೊಂದಾಗಿ ಮಾಯವಾದರೆ ಬೇಸರಿಸಬಾರದು, ಅವು ಊಟವಾಗಿರುತ್ತವೆ. ಯಾವುದನ್ನೇ ಬಿಡುವುದಿದ್ದರೂ ಮೊದಲು ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು, ರೋಗವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು.

ನಿಜಕ್ಕೂ ಹೊಂದುವ ಜೊತೆ ಇನ್ನೊಂದು ಆಕ್ಸೊಲಾಟ್ಲ್. ಅದಕ್ಕೂ ಷರತ್ತುಗಳಿವೆ. ಮರಿಗಳು ಒಂದನ್ನೊಂದು ತಿನ್ನುತ್ತವೆ, ಆದ್ದರಿಂದ ಎರಡೂ ಬೆಳೆದಿರಬೇಕು, ಸರಿಸುಮಾರು ಒಂದೇ ಅಳತೆಯವಾಗಿರಬೇಕು. ಗಂಡು ಹೆಣ್ಣನ್ನು ಒಟ್ಟಿಗೆ ಬಿಟ್ಟರೆ ಒಂದೇ ಸಲಕ್ಕೆ ನೂರಾರು ಮೊಟ್ಟೆ. ಪದೇ ಪದೇ ಮೊಟ್ಟೆಯಿಟ್ಟು ಹೆಣ್ಣು ಸೊರಗುತ್ತದೆ, ಅಷ್ಟು ಮರಿಗಳಿಗೆ ಮನೆ ಹುಡುಕುವುದೂ ಆಗದ ಮಾತು. ಜೊತೆ ಇಲ್ಲದಿದ್ದರೂ ಅದಕ್ಕೆ ಕೊರತೆಯಿಲ್ಲ. ಆಕ್ಸೊಲಾಟ್ಲ್ ಗುಂಪು ಕಟ್ಟಿ ಬಾಳುವ ಜೀವಿಯಲ್ಲ. ಒಂಟಿತನ ಎಂದು ನಾವು ಮರುಗುವುದು ನಮ್ಮ ಮನಸ್ಸಿನದು.

ಕೆರೆಗೂ ತಟ್ಟಿದ ದೋಷ

ತೊಟ್ಟಿಯಲ್ಲಿ ಆಗಬಾರದ್ದು ಸೊಚಿಮಿಲ್ಕೊದಲ್ಲಿ ಆಗಿಹೋಗಿದೆ. ಕಳೆದ ಶತಮಾನದ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಜನರ ಊಟಕ್ಕೆ ಆಗಲೆಂದು ಆ ಕಾಲುವೆಗಳಿಗೆ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳನ್ನು ಬಿಟ್ಟರು. ಅವು ಆಕ್ಸೊಲಾಟ್ಲ್‌ನ ಮೊಟ್ಟೆ ಮರಿಗಳನ್ನು ತಿಂದವು, ಅದರ ಆಹಾರಕ್ಕೂ ಪಾಲುದಾರರಾದವು. ನಗರದ ಕೊಳಚೆಯೂ ಸೇರಿತು. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು, 2014ರ ಗಣತಿಯಲ್ಲಿ ಕಂಡದ್ದು 36. 2021ರಲ್ಲಿ ಮೆಕ್ಸಿಕೊ ತನ್ನ 50 ಪೆಸೊ ನೋಟಿನ ಮೇಲೆ ಇದರ ಚಿತ್ರ ಅಚ್ಚುಹಾಕಿತು. ಆ ಹೊತ್ತಿಗೆ ಕಾಲುವೆಯಲ್ಲಿ ಅದನ್ನು ಕಾಣುವುದೇ ಅಪರೂಪವಾಗಿತ್ತು.

ಮೆಕ್ಸಿಕೊದ ರಾಷ್ಟ್ರೀಯ ವಿಶ್ವವಿದ್ಯಾಲಯದ ಲೂಯಿಸ್ ಸಾಂಬ್ರಾನೊ ಮತ್ತವರ ತಂಡ ಚಿನಾಂಪ ರೈತರ ಜೊತೆ ಸೇರಿ ಇದಕ್ಕೆ ಸರಳ ದಾರಿ ಹುಡುಕಿದೆ. ತೋಟದ ಬದಿಯ ಕಿರುಗಾಲುವೆಗಳ ಬಾಯಿಗೆ ಜರಡಿಯಂಥ ತಡೆ ಕಟ್ಟುತ್ತಾರೆ. ನೀರು ಒಳಗೆ ಬರುತ್ತದೆ, ತಿಲಾಪಿಯಾ ಬರಲಾರದು. ತೊಟ್ಟಿಯಲ್ಲಿ ಹುಟ್ಟಿ ಬೆಳೆದ 18 ಆಕ್ಸೊಲಾಟ್ಲ್‌ಗಳನ್ನು ಇಂಥದೊಂದು ಕಾಲುವೆಗೂ ಮರುಜೀವ ಪಡೆದ ಒಂದು ಕೊಳಕ್ಕೂ ಬಿಟ್ಟು ಕಾದುನೋಡಿದರು. ಅವು ಬದುಕಿದವು, ಬೇಟೆಯಾಡಿದವು ಎಂಬ ವರದಿ 2025ರಲ್ಲಿ ಪ್ರಕಟವಾಯಿತು.

ಹಾಗೆಂದು ಸಾಕಿ ಬೇಸರವಾದವರು ತಮ್ಮದನ್ನು ಊರ ಕೆರೆಗೆ ಬಿಡುವಂತಿಲ್ಲ. ಬಿಸಿನೀರಿಗೆ ಅದು ಸತ್ತೀತು, ಸಾಯುವ ಮುನ್ನ ನಮ್ಮ ಕಪ್ಪೆಗಳಿಗೆ ಹೊರಗಿನ ರೋಗ ಅಂಟಿಸೀತು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಅಂಕೆಯಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಆಕ್ಸೊಲಾಟ್ಲ್ ಇದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ಪ್ರಕಾರ ಇಂಥ ಜೀವಿಯನ್ನು ಸಾಕುವವರು ಸರ್ಕಾರದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಕೊಳ್ಳುವಾಗ ಅದರ ಕಾಗದಪತ್ರ ಕೇಳುವುದೂ ಸಾಕಣೆಯ ಮೊದಲ ಹೆಜ್ಜೆಯೇ.

‘ಪಾಪ, ಒಂದೇ ಇದೆಯಲ್ಲ’ ಎಂದವರಿಗೆ ನಾನು ಈಗ ಸೊಚಿಮಿಲ್ಕೊದ ಆ ಜರಡಿಯ ಕತೆ ಹೇಳುತ್ತೇನೆ. ಅಲ್ಲಿನ ರೈತ ಕಾಲುವೆಯ ಬಾಯಲ್ಲಿ ಕಟ್ಟಿದ ತಡೆಯನ್ನು ನಾನು ಈ ತೊಟ್ಟಿಯ ಬಾಯಲ್ಲಿ ಕಟ್ಟಿಕೊಂಡಿದ್ದೇನೆ, ಅಷ್ಟೇ. ಆಮೇಲೆ ಇಕ್ಕಳವನ್ನು ಅವರ ಕೈಗೆ ಕೊಟ್ಟು, ದೀಪ ಆರಿಸಿ, ಕುಡಿಕೆಯ ಕಡೆ ನೋಡುತ್ತಿರಿ ಎನ್ನುತ್ತೇನೆ.