ಮೂರು ಬಾರಿ ಹೇಳಿದ ಮಾತು

2010ನೆಯ ಇಸವಿಯ ಮೇ 22ರ ಪ್ರಾತಃಕಾಲ, ಆರು ಗಂಟೆ ದಾಟಿ ಐದು ನಿಮಿಷವಾಗಿದ್ದಾಗ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವೊಂದು ಮಂಗಳೂರಿನ ಬಜ್ಪೆಯಲ್ಲಿ ನೆಲ ಮುಟ್ಟಿ, ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ನಿರ್ಮಿಸಿದ ರನ್‌ವೇಯ ಮೇಲೆ ನಿಲ್ಲಲಾರದೆ, ಅದರ ಅಂಚನ್ನು ದಾಟಿ ಕಣಿವೆಗೆ ಬಿದ್ದು ಉರಿದುಹೋಯಿತು. ಅದರಲ್ಲಿದ್ದ 166 ಮಂದಿಯಲ್ಲಿ ಬದುಕಿ ಹೊರಬಂದವರು ಎಂಟೇ ಮಂದಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ದುಃಖ ಇಂದಿಗೂ ಹಳತಾಗಿಲ್ಲ. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದಲ್ಲಿ ಸಿದ್ಧವಾದ ಅದರ ವಿಚಾರಣಾ ವರದಿಯನ್ನು ಓದಿದಾಗ, ಯಂತ್ರಗಳಿಗಿಂತ ಹೆಚ್ಚಾಗಿ ಮನುಷ್ಯನ ಮನಸ್ಸು ನಿರ್ಣಯವನ್ನು ಕೈಗೊಳ್ಳುವ ಪರಿಯನ್ನು ಕುರಿತೇ ನಾವು ಚಿಂತಿಸಬೇಕಾಗಿದೆ ಎಂದು ನನಗೆ ತೋರುತ್ತದೆ.

ಮನಶ್ಶಾಸ್ತ್ರಜ್ಞರು ಮನಸ್ಸಿನ ವ್ಯಾಪಾರವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಮನೆಯವರ ಮುಖ ಕಂಡೊಡನೆ ಅವರ ಮುನಿಸನ್ನು ಅರಿಯುವುದು, ಬಸ್ಸು ಮೈಮೇಲೆ ಬಂದಂತಾದಾಗ ಬದಿಗೆ ಸರಿಯುವುದು, ಇವು ನಮ್ಮ ಅಪ್ಪಣೆಗೂ ಕಾಯದೆ ನಡೆಯುವ ಸ್ಫುರಣೆಯ ಕೆಲಸ. ಸಾಲದ ಬಡ್ಡಿಯನ್ನು ಲೆಕ್ಕ ಹಾಕುವುದು, ಕರಾರುಪತ್ರದ ಷರತ್ತುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಶ್ರಮವನ್ನೂ ಏಕಾಗ್ರತೆಯನ್ನೂ ಬೇಡುವ ವಿವೇಚನೆಯ ಕೆಲಸ. ಒಂದು ಪುಸ್ತಕಕ್ಕೂ ಒಂದು ಪೆನ್ಸಿಲಿಗೂ ಸೇರಿ 110 ರೂಪಾಯಿ, ಪುಸ್ತಕದ ಬೆಲೆ ಪೆನ್ಸಿಲಿಗಿಂತ 100 ರೂಪಾಯಿ ಹೆಚ್ಚು, ಹಾಗಾದರೆ ಪೆನ್ಸಿಲಿನ ಬೆಲೆಯೆಷ್ಟು ಎಂದು ಕೇಳಿದರೆ, ಹತ್ತು ಎಂಬ ಉತ್ತರ ಕರೆಯದೆಯೇ ಬಂದು ನಾಲಗೆಯ ತುದಿಯಲ್ಲಿ ನಿಲ್ಲುತ್ತದೆ. ಕೂಡಿಸಿ ನೋಡುವವರಿಗೆ ಮಾತ್ರ ಅದು ಐದೆಂದು ಗೊತ್ತಾಗುತ್ತದೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್, ಅಮೋಸ್ ಟ್ವೆರ್ಸ್ಕಿಯವರೊಡಗೂಡಿ ಹಲವು ವರ್ಷ ಶೋಧಿಸಿದ್ದು, ಕರೆಯದೆ ಬರುವ ಇಂಥ ಉತ್ತರಗಳು ನಮ್ಮನ್ನು ಯಾವ ಯಾವ ನಿಯತ ರೀತಿಗಳಲ್ಲಿ ತಪ್ಪುದಾರಿಗೆ ಎಳೆಯುತ್ತವೆಂಬುದನ್ನು.

ಹಾಗೆಂದು ಸ್ಫುರಣೆಯನ್ನು ಕೀಳೆಂದೆಣಿಸುವುದು ದೊಡ್ಡ ಅನ್ಯಾಯವಾದೀತು. ನಮ್ಮ ತಾಳಮದ್ದಳೆಯನ್ನೇ ನೋಡಬಹುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ; ಭಾಗವತರು ಪ್ರಸಂಗದ ಪದ್ಯವನ್ನು ಹಾಡಿ ಮುಗಿಸಿದೊಡನೆ ಅರ್ಥಧಾರಿಯು ಮಾತಿಗೆ ತೊಡಗಬೇಕು, ಎದುರಿನವರು ಹೂಡಿದ ಅನಿರೀಕ್ಷಿತ ತರ್ಕಕ್ಕೆ ನಿಂತ ನಿಲುವಿನಲ್ಲಿ ಪ್ರತಿತರ್ಕವನ್ನು ಹೂಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಆ ಕ್ಷಣದ ಸೃಷ್ಟಿಯೇ ಹೌದು. ಆದರೆ ಆ ಕ್ಷಣದ ಹಿಂದೆ ದಶಕಗಳ ಪುರಾಣವ್ಯಾಸಂಗವಿತ್ತು, ಸಡಿಲವಾದ ಮಾತನ್ನು ಅಲ್ಲಿಯೇ ಹಿಡಿಯುವ ಎದುರಾಳಿಗಳಿದ್ದರು, ಅದನ್ನು ಅಲ್ಲಿಯೇ ಗುರುತಿಸುವ ಸಭೆಯಿತ್ತು. ಅಗ್ನಿಶಾಮಕ ದಳದ ನಾಯಕರ ಕ್ಷಿಪ್ರನಿರ್ಣಯಗಳನ್ನು ಅಭ್ಯಸಿಸಿದ ಗ್ಯಾರಿ ಕ್ಲೈನ್ ಎಂಬ ವಿದ್ವಾಂಸರು ಸ್ಫುರಣೆಯ ಪಕ್ಷಪಾತಿಗಳು. ಕಾಹ್ನೆಮನ್ನರು ಅದನ್ನು ಶಂಕಿಸುವವರು. ಇಬ್ಬರೂ ಬಹುಕಾಲ ಚರ್ಚಿಸಿ, 2009ರಲ್ಲಿ ಜೊತೆಯಾಗಿ ಬರೆದ ಪ್ರಬಂಧದಲ್ಲಿ ಒಪ್ಪಿದ್ದು ಇದನ್ನೇ: ಕ್ಷೇತ್ರದಲ್ಲಿ ಒಂದು ಕ್ರಮವಿದ್ದು, ದೀರ್ಘಾಭ್ಯಾಸವಿದ್ದು, ಸರಿತಪ್ಪುಗಳು ಬೇಗನೆ ತಿಳಿದುಬರುವ ಅವಕಾಶವಿದ್ದಲ್ಲಿ ಸ್ಫುರಣೆ ವಿಶ್ವಾಸಾರ್ಹ, ಇಲ್ಲದಿದ್ದಲ್ಲಿ ಅಲ್ಲ.

ವಿಮಾನ ಚಾಲನೆಯಾದರೋ ಈ ನಿಬಂಧನೆಗಳೆಲ್ಲವೂ ಇರುವ ವಿದ್ಯೆ. ಬಜ್ಪೆಯಲ್ಲಿ ಬಿದ್ದ ಆ ವಿಮಾನದ ಕ್ಯಾಪ್ಟನ್ ಹತ್ತು ಸಾವಿರ ಗಂಟೆಗಳಿಗೂ ಮಿಗಿಲಾದ ಹಾರಾಟದ ಅನುಭವವುಳ್ಳವರು. ಆದರೆ ಅಂದು ಅವರು ಪ್ರಯಾಣದ ಬಹುಭಾಗ ನಿದ್ರಿಸಿದ್ದರೆಂದೂ, ಎಚ್ಚೆತ್ತ ಮೇಲೂ ಬಿಡದ ಮಂಪರು ಅವರ ವಿವೇಚನೆಯನ್ನು ಕುಂದಿಸಿರಬಹುದೆಂದೂ ವರದಿ ಹೇಳುತ್ತದೆ. ಮಂಗಳೂರಿನ ರೇಡಾರ್ ಎರಡು ದಿನಗಳಿಂದ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೂ ತಡವಾಗಿ. ಹೀಗೆ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿದ್ದ ವಿಮಾನವನ್ನು ಕಡಿದಾಗಿ ಕೆಳಗಿಳಿಸಲಾಯಿತು. ರನ್‌ವೇಯ ಆರಂಭದ ಗೆರೆಯನ್ನು 50 ಅಡಿ ಎತ್ತರದಲ್ಲಿ ದಾಟಬೇಕಾಗಿದ್ದುದು ಸುಮಾರು 200 ಅಡಿ ಎತ್ತರದಲ್ಲಿ, ನಿಯಮಿತ ವೇಗವನ್ನು ಮೀರಿ ದಾಟಿತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲಕ್ಕೆ ತಾಗಿತು. ಅಷ್ಟರೊಳಗೆ ಸಹಪೈಲಟರು ಮೂರು ಬಾರಿ, ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣವೆಂದು ಹೇಳಿದ್ದರು. ನೆಲ ಹತ್ತಿರವಾಗುತ್ತಿದೆಯೆಂದು ಯಂತ್ರವೂ ಮತ್ತೆ ಮತ್ತೆ ಎಚ್ಚರಿಸಿತ್ತು. ತಾಗಿದ ಮೇಲೂ ಬ್ರೇಕನ್ನು ಪೂರ್ಣವಾಗಿ ಒತ್ತಿ ಹಿಡಿದಿದ್ದರೆ ವಿಮಾನ ಕಣಿವೆಗೆ ಮುನ್ನವೇ ನಿಲ್ಲಬಹುದಾಗಿತ್ತು. ಆದರೆ ಆ ಘಟ್ಟದಲ್ಲಿ ಮತ್ತೆ ಮೇಲೇರಲು ಯತ್ನಿಸಲಾಯಿತು.

ಇದಕ್ಕೆ ಅಹಂಕಾರವೆಂದು ಹೆಸರಿಟ್ಟು ಮುಗಿಸಿಬಿಡುವವರಿದ್ದಾರೆ; ಅವರ ಮಾತನ್ನು ನಾನು ಒಪ್ಪಲಾರೆ. ಗುರಿಯು ಕಣ್ಣೆದುರಿಗೆ ಬಂದಷ್ಟೂ ಹಿಡಿದ ಸಂಕಲ್ಪವನ್ನು ಬಿಡಲೊಲ್ಲದೆ, ಎದುರಾದ ಸಾಕ್ಷ್ಯವನ್ನೆಲ್ಲ ಅದಕ್ಕೆ ಅನುಕೂಲವಾಗಿಯೇ ಅರ್ಥೈಸುವುದು ಮನಸ್ಸಿನ ಸ್ವಭಾವ. ಮುಹೂರ್ತ ಗೊತ್ತಾದ ಮೇಲೆ ವರನ ವಿಚಾರವಾಗಿ ಬಂದ ಶಂಕೆಯನ್ನು ತಳ್ಳಿಹಾಕುವ ಕುಟುಂಬದಲ್ಲಿಯೂ, ಮುಂಗಡ ಕೊಟ್ಟ ಮೇಲೆ ಜಾಗದ ಕಾಗದಪತ್ರಗಳ ದೋಷವನ್ನು ಕಾಣಲೊಲ್ಲದವರಲ್ಲಿಯೂ ನಡೆಯುವುದು ಇದೇ. ಆ ಕ್ಷಣದಲ್ಲಿ ವಿವೇಚನೆಯು ತಾನಾಗಿ ಎಚ್ಚೆತ್ತುಕೊಳ್ಳುವುದೆಂದು ನಂಬಿ ಕೂರಲಾಗದು. ಆದುದರಿಂದ ಅದನ್ನು ಮೊದಲೇ, ಸಮಾಧಾನದ ವೇಳೆಯಲ್ಲಿ ಆಲೋಚಿಸಿ, ನಿಯಮವಾಗಿ ಬರೆದಿಟ್ಟು, ತಡೆಯುವ ಅಧಿಕಾರವನ್ನು ಪಕ್ಕದಲ್ಲಿರುವವರಿಗೆ ವಹಿಸಬೇಕು. ಬಜ್ಪೆಯಲ್ಲಿ ಆ ವಿವೇಚನೆ ಗೈರುಹಾಜರಾಗಿರಲಿಲ್ಲ. ಅದು ಬಲಗಡೆಯ ಆಸನದಲ್ಲಿ ಕುಳಿತು ಮೂರು ಬಾರಿ ನುಡಿಯಿತು. ಇಳಿಯುವಿಕೆಯನ್ನು ತಾನೇ ಕೈಬಿಡಿಸುವ ಅಧಿಕಾರ ಸಹಪೈಲಟರಿಗೆ ಉಂಟೋ ಇಲ್ಲವೋ ಎಂಬಲ್ಲಿ ಸೂಚನೆಗಳು ಅಸ್ಪಷ್ಟವಾಗಿದ್ದುದರಿಂದಲೇ ಬಹುಶಃ ಅವರು ಹೇಳಿದರೇ ಹೊರತು ಚಾಲನೆಯನ್ನು ಕೈಗೆತ್ತಿಕೊಳ್ಳಲಿಲ್ಲವೆಂದು ವರದಿ ಊಹಿಸುತ್ತದೆ.

ಬರೆದಿಟ್ಟ ವಿವೇಚನೆಯಿಂದ ಆಗುವ ಉಪಕಾರಕ್ಕೆ ವೈದ್ಯಲೋಕದಲ್ಲಿ ಪ್ರಮಾಣವಿದೆ. ಶಸ್ತ್ರಚಿಕಿತ್ಸೆಯ ಮುನ್ನವೂ ಅನಂತರವೂ ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕಾದ 19 ಅಂಶಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿ, ನವದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ, ಮರಣದ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಆದರೆ ಕಾಗದದ ಮೇಲಿನ ನಿಯಮ ರೂಢಿಯಾಗುವುದು ಸುಲಭವಲ್ಲ. ಬಜ್ಪೆಯ ದುರಂತ ನಡೆದು ಹತ್ತು ವರ್ಷಗಳಾದ ಮೇಲೆ, 2020ರ ಆಗಸ್ಟ್ 7ರ ಮಳೆಯ ಸಂಜೆ, ಬಜ್ಪೆಯಂತೆಯೇ ಗುಡ್ಡದ ಮೇಲಿರುವ ಕಲ್ಲಿಕೋಟೆಯ ನಿಲ್ದಾಣದಲ್ಲಿ ಇನ್ನೊಂದು ವಿಮಾನ ರನ್‌ವೇಯ ಮಧ್ಯಭಾಗದಲ್ಲಿ ನೆಲ ಮುಟ್ಟಿ, ಅಂಚನ್ನು ದಾಟಿ ಬಿದ್ದು, 21 ಮಂದಿ ಮೃತರಾದರು. ಅಲ್ಲಿಯೂ ಜೊತೆಗಾರ ಪೈಲಟರು ಮೇಲೇರಿ ಸುತ್ತಿ ಬರೋಣವೆಂದು ಹೇಳಿದ್ದರು.

ನಾವು ಪ್ರಯಾಣಿಕರಾಗಿ ಮಾಡಬಹುದಾದುದೂ ಒಂದಿದೆ. ಮುಂಗಾರಿನ ದಿನಗಳಲ್ಲಿ ಬಜ್ಪೆಯ ದೀಪಗಳು ಕಾಣುವಷ್ಟು ಹತ್ತಿರ ಬಂದ ವಿಮಾನ ಒಮ್ಮೆಗೇ ಮೇಲೇರಿತೆಂದರೆ, ಅಥವಾ ಬೆಂಗಳೂರಿನ ಕಡೆಗೆ ತಿರುಗಿತೆಂದರೆ, ದಯವಿಟ್ಟು ಗೊಣಗದಿರಿ, ಗಗನಸಖಿಯರ ಮೇಲೆ ರೇಗದಿರಿ. ಇಳಿದು ಹೊರಡುವಾಗ ಕಾಕ್‌ಪಿಟ್ಟಿನ ಬಾಗಿಲು ತೆರೆದಿದ್ದರೆ, ಒಳಗಿರುವ ಇಬ್ಬರಿಗೂ ಕೃತಜ್ಞತೆಯ ಒಂದು ಮಾತನ್ನು ಹೇಳಿ ಬನ್ನಿ.