ಮೀಟರ್ ಬದಲಿಸುವ ಮುನ್ನ

ಸಿಂದಗಿಯ ನನ್ನ ವೈರಿಂಗ್ ಅಂಗಡಿಗೆ ಹಳೆಯ ಅಂಬಾಸಡರ್, ಪದ್ಮಿನಿ, ಜೀಪು ತರುವವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ: "ಮಿಸ್ತ್ರಿ, ಮೀಟರ್ ಕೆಟ್ಟೈತ್ರಿ. ಹೊಸಾದ್ ಹಾಕಿಬಿಡ್ರಿ." ನಾನು ಮೀಟರಿಗೆ ಕೈ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ. ಮುಳ್ಳು ತಪ್ಪು ತೋರಿಸಿದಾಗ ದೋಷ ಬಹಳ ಸಲ ವೈರಿನಲ್ಲಿ, ಅರ್ತಿಂಗಿನಲ್ಲಿ, ಇಲ್ಲವೇ ಟ್ಯಾಂಕಿನ ಯೂನಿಟ್‌ನಲ್ಲಿ ಇರುತ್ತದೆ. ಅಸಲಿ ಮೀಟರ್ ಬಿಚ್ಚಿ ಎಸೆದರೆ ಮತ್ತೊಂದು ಸಿಗುವುದು ಕಷ್ಟ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತು. ಪದ್ಮಿನಿ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಗುಜರಿಯಲ್ಲಿ ಸಿಕ್ಕ ಮೀಟರ್ ಕೂಡಿಸಿದರೆ ಯೂನಿಟ್‌ಗೂ ಅದಕ್ಕೂ ತಾಳೆಯಾಗದೆ ಅರ್ಧ ಟ್ಯಾಂಕಿಗೆ ಮುಕ್ಕಾಲು ತೋರಿಸೀತು.

ಟ್ಯಾಂಕಿನೊಳಗಿನ ಯೂನಿಟ್‌ನಲ್ಲಿ ಒಂದು ಫ್ಲೋಟ್ ಇರುತ್ತದೆ. ಪೆಟ್ರೋಲ್ ಏರಿಳಿದಂತೆ ಅದರ ಕಡ್ಡಿ ರೆಸಿಸ್ಟೆನ್ಸ್ ತಂತಿಯ ಮೇಲೆ ಸರಿದು, ಹರಿಯುವ ಕರೆಂಟನ್ನು ಹೆಚ್ಚುಕಡಿಮೆ ಮಾಡುತ್ತದೆ. ಬ್ಯಾಟರಿಯಿಂದ ಹೊರಟ ಕರೆಂಟು ಮೀಟರ್ ಹಾಯ್ದು, ಯೂನಿಟ್ ಹಾಯ್ದು, ಗಾಡಿಯ ತಗಡಿನ ಮೈಯೊಳಗಿಂದ ಬ್ಯಾಟರಿಗೆ ಮರಳಬೇಕು. ಆ ಮರಳುವ ದಾರಿಯೇ ಅರ್ತ್. ನಮ್ಮ ಕಡೆ ಅದೇ ಮೊದಲು ಕೈಕೊಡುತ್ತದೆ. ಮುದ್ದೇಬಿಹಾಳ ಕಡೆಯ ಗಾಡಿಗಳ ತಳಕ್ಕೆ ಎರೆಮಣ್ಣು ಗಟ್ಟಿಯಾಗಿ ಅಂಟಿರುತ್ತದೆ. ಮಳೆ ನಿಂತ ಮೇಲೂ ಅದು ತೇವ ಹಿಡಿದಿಟ್ಟುಕೊಂಡು ಬೋಲ್ಟು, ಟರ್ಮಿನಲ್‌ಗಳಿಗೆ ತುಕ್ಕು ಏರಿಸುತ್ತದೆ.

ಇಂಡಿಯ ನಿಂಬೆ ತೋಟದ ಹಿರಿಯರೊಬ್ಬರ ಪದ್ಮಿನಿಯಲ್ಲಿ ಬ್ರೇಕ್ ಒತ್ತಿದಾಗೆಲ್ಲ ಪೆಟ್ರೋಲ್ ಮುಳ್ಳು ಅಲುಗುತ್ತಿತ್ತು. "ಕಾಕಾ, ಬ್ರೇಕ್ ಹಿಡೀರಿ, ಬಿಡ್ರಿ" ಎನ್ನುತ್ತ ನಾನು ಮೀಟರ್ ನೋಡುತ್ತಿದ್ದೆ. ಬ್ರೇಕ್ ದೀಪ, ಇಂಡಿಕೇಟರ್ ಹಚ್ಚಿದಾಗ ಮುಳ್ಳು ಕುಣಿದರೆ, ದೀಪವೂ ಯೂನಿಟ್ಟೂ ಒಂದೇ ಕೆಟ್ಟ ಅರ್ತ್ ಹಂಚಿಕೊಂಡಿವೆ ಎಂದು ಅನುಮಾನಿಸಬೇಕು. ಗಾಡಿಯ ಹಿಂಬದಿಯ ಅರ್ತ್ ಬೋಲ್ಟು ಬಿಚ್ಚಿ, ಪೇಂಟು ತುಕ್ಕು ಕೆರೆದು ಹೊಳಪು ತಂದೆ. ಯೂನಿಟ್‌ನಿಂದ ಬಾಡಿಗೆ ಬೇರೆಯೇ ಒಂದು ವೈರ್ ಎಳೆದು, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿದೆ. ಮೀಟರ್ ಮುಟ್ಟಲೇ ಇಲ್ಲ.

ಅರ್ತ್ ಸರಿಯಿದ್ದೂ ಮುಳ್ಳು ಏಳದಿದ್ದರೆ ಯೂನಿಟ್‌ನ ವೈರ್ ಕಳಚಿ ಬಾಡಿಗೆ ತಾಗಿಸಿ ನೋಡುತ್ತೇವೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಕಿಡಿ ಹಾರಕೂಡದು. ಆದ್ದರಿಂದ ಮೊದಲು ಚಾವಿ ಬಂದ್ ಮಾಡಿ, ವೈರನ್ನು ಟ್ಯಾಂಕಿನಿಂದ ದೂರ ಒಯ್ದು ಬಾಡಿಗೆ ಬಿಗಿದು, ಆಮೇಲೆ ಚಾವಿ ಕೊಡಬೇಕು. ಚಾವಿ ಕೊಟ್ಟಾಗ ನಿಧಾನವಾಗಿ ಏರುವ ಬೈಮೆಟಲ್ ಮೀಟರಾದರೆ ಮುಳ್ಳು ಫುಲ್ ಕಡೆ ಹೋಗುತ್ತದೆ. ಹೋಗಲು ಶುರುವಾದ ಕೂಡಲೇ ಚಾವಿ ತೆಗೆಯಬೇಕು, ಇಲ್ಲವಾದರೆ ಒಳಗಿನ ತಂತಿ ಸುಡುತ್ತದೆ. ಥಟ್ಟನೆ ಜಿಗಿಯುವ ಹಳೆಯ ಕಾಯಿಲ್ ಮೀಟರ್‌ಗಳಲ್ಲಿ ಇದು ಅನೇಕ ಸಲ ತಿರುವುಮುರುವು: ಬಾಡಿಗೆ ಹಚ್ಚಿದರೆ ಖಾಲಿ, ಕಳಚಿದರೆ ಫುಲ್. ಮುಳ್ಳು ಹೀಗೆ ಸರಿಯಾಗಿ ಓಡಿದರೆ ಮೀಟರ್ ಮತ್ತು ವೈರ್ ಚೆನ್ನಾಗಿವೆ, ದೋಷ ಯೂನಿಟ್‌ನದು. ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗಿರುವುದನ್ನೂ ಕಂಡಿದ್ದೇನೆ.

ನನ್ನನ್ನು ಹೆಚ್ಚು ಕಾಡುವುದು ಟೆಂಪರೇಚರ್ ಮೀಟರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ, ಕಬ್ಬಿನ ಟ್ರಾಲಿಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುವ ಡ್ರೈವರ್‌ಗೆ ಎಂಜಿನ್ ಉಳಿಸಿಕೊಡುವುದು ಆ ಮುಳ್ಳೇ. ಬಸವನ ಬಾಗೇವಾಡಿಯಿಂದ ಬಂದ ಕಾರೊಂದರಲ್ಲಿ ಅದು ಸದಾ ಕೆಂಪು ಗೆರೆಯ ಮೇಲಿತ್ತು. ರೇಡಿಯೇಟರ್ ತೊಳೆಸಿದ್ದರು, ಥರ್ಮೋಸ್ಟಾಟ್ ಬದಲಿಸಿದ್ದರು. ಪಕ್ಕದ ಪೆಟ್ರೋಲ್ ಮುಳ್ಳೂ ಫುಲ್ ದಾಟಿ ನಿಂತಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎರಡೂ ಒಟ್ಟಿಗೆ ಮೇಲೇರಿದರೆ ಎರಡಕ್ಕೂ ಕರೆಂಟು ಕೊಡುವ ವೋಲ್ಟೇಜ್ ಸ್ಟೆಬಿಲೈಸರ್ ನೋಡಬೇಕು. ಎಲ್ಲ ಗಾಡಿಗಳಲ್ಲಿ ಇದು ಇರುವುದಿಲ್ಲ. ಇದ್ದಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಚಿಕ್ಕ ತಗಡಿನ ಡಬ್ಬಿಯಾಗಿ ಕೂತು, ಕರೆಂಟನ್ನು ಕಡಿದು ಕಡಿದು ಬಿಟ್ಟು ಸರಾಸರಿ 10 ವೋಲ್ಟಿಗೆ ಇಳಿಸುತ್ತದೆ. ಟೆಸ್ಟ್ ಲ್ಯಾಂಪ್ ಹಚ್ಚಿದರೆ ಮಿಣುಕಬೇಕು. ಆ ಕಾರಿನಲ್ಲಿ ಒಂದೇ ಸಮನೆ ಉರಿಯುತ್ತಿತ್ತು. ಡಬ್ಬಿಯ ಅರ್ತ್ ಸ್ಕ್ರೂ ಬಿಗಿದು ನೋಡಿದೆ, ಹಾಗೆಯೇ ಇತ್ತು. ಬಿಚ್ಚಿದರೆ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಡಬ್ಬಿಯೊಳಗೆ 7810 ನಂಬರಿನ ಐಸಿ ಕೂಡಿಸಿದೆ. ರೇಡಿಯೋ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಕಟ್ಟಿರುವ ಗಾಡಿಗೆ ಮಾತ್ರ ಇದು ಹೊಂದುತ್ತದೆ. ಬಹಳ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರಬಹುದು, ಮೊದಲು ನೋಡಿಕೊಳ್ಳಬೇಕು.

ಎಂಜಿನ್ನಿಗೆ ತಿರುಚಿ ಕೂಡಿಸುವ ಟೆಂಪರೇಚರ್ ಸೆನ್ಸರನ್ನು ಬಿಸಿನೀರಿನ ಬಟ್ಟಲಲ್ಲಿ ಅದ್ದಿ ಮಲ್ಟಿಮೀಟರ್ ಹಿಡಿದರೆ, ಬಿಸಿ ಏರಿದಂತೆ ಓಮ್ಸ್ ಇಳಿಯಬೇಕು. ಮರಳಿ ಕೂಡಿಸುವಾಗ ಸೋರದಿರಲೆಂದು ನಲ್ಲಿಯ ಬಿಳಿ ಟೇಪು ದಪ್ಪಗೆ ಸುತ್ತಬೇಡಿ, ಅರ್ತ್ ತಪ್ಪಿ ಮುಳ್ಳು ಕೆಳಗೇ ಉಳಿದೀತು. ಎಂಜಿನ್ ಕುದಿಯುತ್ತಿದ್ದರೂ ಮೀಟರ್ ತಣ್ಣಗೆ ತೋರಿಸುವುದು ಅತ್ಯಂತ ಅಪಾಯದ ದೋಷ.

ಇದೆಲ್ಲ ನೋಡಿದ ಮೇಲೂ ಮುಳ್ಳು ಏಳದಿದ್ದರೆ ಮೀಟರಿನ ಒಳಗಿನ ತಂತಿ ಕಡಿದಿರುತ್ತದೆ. ಆಗ ಬದಲಿಸಿ. ಹಳೆಯದನ್ನು ಮಾತ್ರ ಗುಜರಿಗೆ ಹಾಕಬೇಡಿ. ಅದರ ಗಾಜು, ಡಯಲ್, ಮುಳ್ಳು ಇನ್ನೊಂದು ಗಾಡಿಗೆ ಬೇಕಾಗುತ್ತವೆ.