ಆಟ ಕಟ್ಟಿದವರು ಒಬ್ಬರು, ಲಾಭ ಉಂಡವರು ಇನ್ನೊಬ್ಬರು

ಬೇಸಿಗೆ ರಜೆಯಲ್ಲಿ ಮಕ್ಕಳು ಊರುಗಳನ್ನು ಕೊಂಡು ಮಾರುವ ‘ಬಿಜಿನೆಸ್’ ಆಟವನ್ನು ಯಾರು ತಾನೆ ಕಂಡಿಲ್ಲ? ಅದಕ್ಕೆ ಮಾದರಿ ಅಮೆರಿಕದ ‘ಮೊನಾಪಲಿ’. ಆ ಮೊನಾಪಲಿಯ ಬೇರು ಹುಡುಕುತ್ತ ಹೋದರೆ ಸಿಗುವಾಕೆ ಲಿಜ್ಜಿ ಮ್ಯಾಗಿ. ಭೂಮಾಲೀಕರು ಬಾಡಿಗೆಯಿಂದಲೇ ಕೊಬ್ಬುವ ಪರಿಯನ್ನು ತೋರಿಸಲೆಂದು ಆಕೆ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ರಚಿಸಿ, 1904ರಲ್ಲಿ ಪೇಟೆಂಟ್ ಪಡೆದರು. ಆಟ ಮನೆಯಿಂದ ಮನೆಗೆ ಹಬ್ಬಿತು, ರೂಪ ಬದಲಿಸಿತು.

1935ರಲ್ಲಿ ಚಾರ್ಲ್ಸ್ ಡ್ಯಾರೋ ಎಂಬಾತ ಅದನ್ನು ತನ್ನದೇ ಸೃಷ್ಟಿ ಎಂದು ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿ ಶ್ರೀಮಂತನಾದ. ಮ್ಯಾಗಿ 1924ರಲ್ಲಿ ಪಡೆದಿದ್ದ ಎರಡನೆಯ ಪೇಟೆಂಟನ್ನೂ ಅದೇ ಕಂಪನಿ ಕೊಂಡಿತು. ಆಕೆಗೆ ಸಂದದ್ದು 500 ಡಾಲರ್ ಮಾತ್ರ. ಮಾರಾಟದಲ್ಲಿ ಬಿಡಿಗಾಸಿನ ಪಾಲೂ ಇಲ್ಲ.

ನಮ್ಮಲ್ಲಿ ಇಂದು ಯಾರಾದರೂ ಹೊಸ ಆಟ ಕಟ್ಟಿದರೆ ಅವರ ಗತಿಯೇನು? ನಿಯಮಗಳಿಗೆ ಪೇಟೆಂಟ್ ಕೂಡ ಸಿಗದು. ಭಾರತದ ಪೇಟೆಂಟ್ ಕಾಯಿದೆಯ 3(ಎಂ) ಕಲಮಿನ ಪ್ರಕಾರ ಆಟ ಆಡುವ ವಿಧಾನ ಆವಿಷ್ಕಾರವೇ ಅಲ್ಲ. ಕೃತಿಸ್ವಾಮ್ಯ ಕಾಯಿದೆ ಕೈ ಹಿಡಿದೀತೆ? ಅದೂ ಅಷ್ಟಕ್ಕಷ್ಟೆ. ಕೃತಿಸ್ವಾಮ್ಯವಿರುವುದು ಕಲ್ಪನೆಗಲ್ಲ, ಅದನ್ನು ಹೇಳಿದ ರೂಪಕ್ಕೆ ಎಂದು ಸುಪ್ರೀಂ ಕೋರ್ಟು 1978ರಲ್ಲೇ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ.

ದೆಹಲಿಯ ಆದೇಶ

ಕೋಲ್ಕತ್ತದ ಅಗರ್‌ವಾಲಾ ಸಹೋದರರು ‘ಸ್ಕ್ರ್ಯಾಬಲ್’ ಪದದಾಟವನ್ನೇ ಹೋಲುವ ‘ಸ್ಕ್ರ್ಯಾಬ್ಯುಲಸ್’ ಅನ್ನು ಅಂತರ್ಜಾಲಕ್ಕೆ ತಂದರು. ಫೇಸ್‌ಬುಕ್‌ನಲ್ಲಿ ಅದು ಮನೆಮಾತಾಯಿತು. ಮ್ಯಾಟೆಲ್ ಕಂಪನಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. 2008ರ ಸೆಪ್ಟೆಂಬರಿನಲ್ಲಿ ಬಂದ ಮಧ್ಯಂತರ ಆದೇಶ ಇಬ್ಬರಿಗೂ ಅರ್ಧರ್ಧ ನ್ಯಾಯ ಹಂಚಿತು. ಮಣೆಯ ಬಣ್ಣದ ಚೌಕಗಳಿಗೆ ಆಟದ ನಿಯಮದಿಂದಲೇ ಅರ್ಥ. ಎರಡನ್ನೂ ಬೇರ್ಪಡಿಸಲಾಗದು, ಆದ್ದರಿಂದ ಕೃತಿಸ್ವಾಮ್ಯದ ರಕ್ಷಣೆ ಇಲ್ಲ ಎಂದಿತು ಕೋರ್ಟು. ಆದರೆ ‘ಸ್ಕ್ರ್ಯಾಬ್ಯುಲಸ್’ ಹೆಸರು ಕಂಪನಿಯ ಟ್ರೇಡ್‌ಮಾರ್ಕಿಗೆ ತೀರ ಹತ್ತಿರ ಎಂದು ಅದರ ಬಳಕೆಗೆ ತಡೆಯೊಡ್ಡಿತು. ಆಟ ‘ಲೆಕ್ಸ್ಯುಲಸ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು.

ಉಳಿದಿರುವ ದಾರಿ

ಹಾಗಾದರೆ ಆಟ ಕಟ್ಟಿದವರಿಗೆ ದಿಕ್ಕೇ ಇಲ್ಲವೆ? ಇದೆ. ನಿಯಮಗಳನ್ನು ವಿವರಿಸಿ ಬರೆದ ಪುಸ್ತಿಕೆ, ಚೀಟಿಗಳ ಮೇಲಿನ ಚಿತ್ರ, ಕಂಪ್ಯೂಟರ್ ಆಟವಾದರೆ ಅದರ ಪ್ರೋಗ್ರಾಂ, ಇವುಗಳಿಗೆ ಕೃತಿಸ್ವಾಮ್ಯ ತಾನಾಗಿ ಬರುತ್ತದೆ. ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ, 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದು ಚಿರಕಾಲ ಉಳಿದೀತು. ಕಾಯಿಗಳ ಹೊಸ ಆಕಾರವನ್ನು ವಿನ್ಯಾಸವೆಂದು ನೋಂದಾಯಿಸಬಹುದು. ಅದಕ್ಕೆ ಮಾರುಕಟ್ಟೆಗೆ ಬಿಡುವ ಮೊದಲೇ ಅರ್ಜಿ ಹಾಕಬೇಕು. ತಯಾರಕರಿಗೆ ಆಟ ತೋರಿಸುವ ಮುನ್ನ ಗುಟ್ಟು ಕಾಯುವ ಕರಾರಿಗೆ ಸಹಿ ಪಡೆಯುವುದು ಜಾಣತನ.

ಕಾನೂನು ಇಷ್ಟು ಜಿಪುಣತನ ತೋರುವುದಕ್ಕೂ ಕಾರಣವಿದೆ. ಚೌಕಾಬಾರ, ಅಳಿಗುಳಿಮಣೆಗಳ ನಿಯಮ ಯಾರೋ ಒಬ್ಬರ ಸೊತ್ತಾಗಿದ್ದರೆ ಅವು ಊರೂರಿಗೊಂದು ಬಗೆಯಾಗಿ ಬೆಳೆಯುತ್ತಿದ್ದವೆ? ಆಡುವ ಹಕ್ಕು ಎಲ್ಲರದು. ಕಟ್ಟಿದವರು ತಮ್ಮ ಹೆಸರನ್ನೂ ಬರವಣಿಗೆಯನ್ನೂ ಭದ್ರಪಡಿಸಿಕೊಂಡು, ಕರಾರಿಗೆ ಸಹಿ ಹಾಕುವ ಮುನ್ನ ಮಾರಾಟದಲ್ಲಿ ತಮ್ಮ ಪಾಲೆಷ್ಟು ಎಂದು ಕೇಳಿಕೊಳ್ಳಬೇಕು. ಪೇಟೆಂಟ್ ಕೈಯಲ್ಲಿದ್ದೂ ಮ್ಯಾಗಿಗೆ ದಕ್ಕದೆ ಹೋದದ್ದು ಆ ಪಾಲೇ.